ಮುಚ್ಚಳ ಮೂಸುತ್ತಿದ್ದ ಚಾಚಾ

ಹೋದ ತಿಂಗಳು ಸಿರುಗುಪ್ಪದಿಂದ ಚಾಚಾನ ಮಗಳು ಫೋನ್ ಮಾಡಿ, "ಅಣ್ಣಾ, ಅಪ್ಪ ಹೋದ್ರು. ಮಣ್ಣಾಗಿ ನಾಕು ದಿನ ಆತು. ನಿಮ್ಮ ನಂಬರು ಇವತ್ತ ಸಿಕ್ತು" ಎಂದಳು. ಆಗ ನಾನು ಬಳ್ಳಾರಿಯ ಗಾಂಧಿನಗರದ ಒಂದು ಹೋಟೆಲಿನಲ್ಲಿ ಊಟದ ಪಟ್ಟಿ ಹಿಡಿದು ಕೂತಿದ್ದೆ. ಈಗಿನ ಪಟ್ಟಿಗಳಲ್ಲಿ ಕೆಲವು ಪದಾರ್ಥಗಳ ಮುಂದೆ ಒಂದು ಎಲೆಯ ಗುರುತು ಹಾಕಿ 'ವೀಗನ್' ಎಂದು ಬರೆದಿರುತ್ತಾರಲ್ಲ, ಅಂಥ ಪಟ್ಟಿ. ಮಾಂಸವಷ್ಟೇ ಅಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಸೋಕದ ಅಡುಗೆ ಎಂದು ಅದರ ಅರ್ಥವಂತೆ. ಅದರಲ್ಲಿ ಅಂಥವು ಐದು ಇದ್ದವು. ಫೋನ್ ಕೆಳಗಿಟ್ಟು ಆ ಐದನ್ನೂ ಎರಡೆರಡು ಸಲ ಓದಿದೆ. ಗಣಿಯ ಕಾಲದಲ್ಲಿ ಬಳ್ಳಾರಿಯ ಒಂದೇ ಒಂದು ದೊಡ್ಡ ಹೋಟೆಲಿನಲ್ಲಿ ಇವುಗಳಲ್ಲಿ ಒಂದು ಇದ್ದಿದ್ದರೂ ನಾನು ಆ ಸುಳ್ಳು ಹೇಳುತ್ತಿರಲಿಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ, ಹೋಟೆಲಿನವರ ಮೇಲೆ ಹಾಕಿ ಜಾರಿಕೊಳ್ಳುವ ಈ ಬುದ್ಧಿ ನನಗೆ ಇನ್ನೂ ಹೋಗಿಲ್ಲವಲ್ಲ ಎಂದು ನಾಚಿಕೆಯಾಯಿತು. ಊಟ ಮಾಡದೆ ಎದ್ದು ಬಂದೆ.

ಕುರುಗೋಡಿನ ಹೊರಗೆ ಆಗ ಒಂದು ಖಾಸಗಿ ಡೇರಿ ಇತ್ತು. ಸುತ್ತಲಿನ ಹಳ್ಳಿಗಳಿಂದ, ಸಿರುಗುಪ್ಪ ಕಡೆಯ ಕಾಲುವೆ ಊರುಗಳಿಂದ ಬೆಳಿಗ್ಗೆ ಬೆಳಿಗ್ಗೆಯೇ ಟೆಂಪೋಗಳಲ್ಲಿ ಹಾಲಿನ ಕ್ಯಾನು ಬರುತ್ತಿದ್ದವು. ಯಾವ ಕ್ಯಾನು ಯಾವ ಊರಿನದು ಎಂದು ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಆ ಹಾಲನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಹೇಳುವುದು ಚಾಚಾನ ಕೆಲಸ. ಒಳಗೆ ಫ್ಯಾಟು ನೋಡುವ ಯಂತ್ರ, ನೀರು ಬೆರೆಸಿದ್ದು ಹಿಡಿಯುವ ಸಲಕರಣೆ ಎಲ್ಲ ಇದ್ದವು. ಆದರೆ ಅಲ್ಲಿಗೆ ಹೋಗುವ ಮೊದಲು ಪ್ರತಿಯೊಂದು ಕ್ಯಾನೂ ಚಾಚಾನ ಮೂಗನ್ನು ದಾಟಬೇಕಿತ್ತು. ಮುಚ್ಚಳ ಕಿತ್ತ ಕೂಡಲೇ ಅದನ್ನು ಮಗುಚಿ, ಒಳಮೈಯನ್ನು ಒಂದು ಸಲ ಮೂಸುತ್ತಿದ್ದರು. ಅಷ್ಟೇ. ಕಣ್ಣು ಮುಚ್ಚುವುದು, ತಲೆ ಅಲ್ಲಾಡಿಸುವುದು, ಯಾವ ನಾಟಕವೂ ಇಲ್ಲ.

"ಇದು ಪ್ಲಾಸ್ಟಿಕ್ ಕೊಡದಾಗ ಇಟ್ಟಿದ್ದು" ಎನ್ನುತ್ತಿದ್ದರು. "ಈ ಮನಿಯಾಕಿ ಉಳ್ಳಾಗಡ್ಡಿ ಹೆಚ್ಚಿ ಕೈ ತೊಳಕೊಳ್ಳದ ಹಿಂಡ್ಯಾಳ" ಎನ್ನುತ್ತಿದ್ದರು. ಹೆಚ್ಚಿಗೆ ಮಾತಿಲ್ಲ. ಒಮ್ಮೆ ಹಚ್ಚೊಳ್ಳಿಯ ರೈತನೊಬ್ಬ ತನ್ನ ಹಾಲು ತಿರುಗಿಸಿದ್ದಕ್ಕೆ ಟೆಂಪೋ ಹತ್ತಿ ಬಂದು ಗಲಾಟೆ ಮಾಡಿದ. ಚಾಚಾ ಅವನನ್ನು ಕೂರಿಸಿ, "ಜಗಳ ಬ್ಯಾಡಪ್ಪ. ಮನಿಗೆ ಹೋಗಿ ಎಮ್ಮಿ ಕೆಚ್ಚಲ ಮುಟ್ಟಿ ನೋಡು. ಬಿಸಿ ಇರ್ತೈತಿ, ಬಾವು ಬಂದೈತಿ. ಮೊದಲು ಡಾಕ್ಟರಿಗೆ ತೋರಸು" ಎಂದರು. ವಾರ ಬಿಟ್ಟು ಆ ಮನುಷ್ಯ ಒಂದು ಚೀಲ ಹಸಿ ಶೇಂಗಾ ತಂದು ಚಾಚಾನ ಕುರ್ಚಿಯ ಪಕ್ಕ ಇಟ್ಟು ಹೋದ. ನಾವೆಲ್ಲ ಅದನ್ನು ಕುದಿಸಿಕೊಂಡು ತಿಂದೆವು.

ಬೇರೆ ಡೇರಿಗಳಲ್ಲಿ ಪರೀಕ್ಷಕರು ಅನುಮಾನ ಬಂದರೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ ಉಗಿಯುತ್ತಾರೆ. ಚಾಚಾ ಅದನ್ನು ಮಾಡಿದ್ದನ್ನು ನಾನು ಕಂಡಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಮರ್ಯಾದೆಯಿಂದ ಚಹಾ ತಂದುಕೊಟ್ಟಾಗ ಲೋಟ ಹಿಂದಕ್ಕೆ ಸರಿಸಿ, "ಲೇ ತಮ್ಮಾ, ಹಾಲಿಲ್ಲದ್ದು ತಾ" ಎಂದರು.

"ಶುಗರ್ ಐತೇನ್ರಿ ಚಾಚಾ?"

"ಶುಗರ್ ಇಲ್ಲ. ಎಮ್ಮಿ ಐತಿ" ಎಂದು ನಕ್ಕರು.

ದೊಡ್ಡವರು ಏನೋ ತಮಾಷೆ ಮಾಡಿದರು ಎಂದು ನಾನೂ ಸುಮ್ಮನೆ ನಕ್ಕೆ. ಎಮ್ಮೆಯ ಸಂಗತಿ ಗೊತ್ತಾಗಲು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಟೆಂಪೋ ಕೆಟ್ಟು ನಿಂತು, ಕೆಲಸವಿಲ್ಲದೆ ಬೇವಿನ ಮರದ ಕೆಳಗೆ ಕೂತಿದ್ದಾಗ ಅವರಾಗಿಯೇ ಹೇಳಿದರು. ಮತ್ತೆ ಎಂದೂ ಹೇಳಲಿಲ್ಲ.

ಚಾಚಾನದು ಹತ್ತಿ ಹಿಂಜಿ ಗಾದಿ ತುಂಬುವ ಮನೆತನ. ಡೇರಿಗೆ ಬರುವ ಮೊದಲು, ಮದುವೆಯಾದ ಹೊಸದರಲ್ಲಿ, ಹೆಂಡತಿಯ ತವರಾದ ಹಚ್ಚೊಳ್ಳಿಯಲ್ಲಿ ಗಾದಿ ಹೊಲಿದುಕೊಂಡಿದ್ದರಂತೆ. ಪಕ್ಕದ ಮನೆಯ ಎಮ್ಮೆ ಗಂಡುಗರು ಹಾಕಿತು. ಗಂಡುಗರುವಿಗೆ ಯಾರು ಹಾಲು ಬಿಡುತ್ತಾರೆ? ಇಪ್ಪತ್ತು ದಿನಕ್ಕೆ ಸೊರಗಿ ಸತ್ತಿತು. ಕರುವಿಲ್ಲದೆ ಎಮ್ಮೆ ಹಿಂಡಲು ಬಿಡಲಿಲ್ಲ. ಆ ಮನೆಯವರು ಸತ್ತ ಕರುವಿನ ಚರ್ಮ ತೆಗೆದುಕೊಂಡು ಚಾಚಾನ ಹತ್ತಿರ ಬಂದು, "ಗಾದಿ ಹೊಲಿಯೋರ ಅದೀರಿ, ಹುಲ್ಲು ತುಂಬಿ ಕರು ಮಾಡಿ ಕೊಡ್ರಿ. ಎಮ್ಮಿ ಮುಂದ ನಿಲ್ಲಸ್ತೀವಿ" ಎಂದರು. ಆ ಕಡೆ ಹಾಗೆ ಮಾಡುವುದು ಹೊಸದಲ್ಲ. ಚಾಚಾ ಭತ್ತದ ಹುಲ್ಲು ತುಂಬಿ, ದಬ್ಬಣದಿಂದ ಹೊಲಿದು, ನಾಲ್ಕು ಕೋಲು ಕೊಟ್ಟು ನಿಲ್ಲಿಸಿದರು.

"ನನ್ನ ಕೈಕೆಲಸ ಚಲೋ ಇತ್ತು ಲೇ, ಅದ ತಪ್ಪಾತು" ಎಂದರು ಚಾಚಾ. "ಬ್ಯಾರೆಯವ್ರು ಮಾಡಿದ್ರ ಹುಲ್ಲಿನ ಮೂಟಿ ಕಂಡಂಗ ಕಾಣ್ತಿತ್ತು. ನಾನು ಕುತ್ತಿಗಿ ಒಂದೀಟು ಎತ್ತಿ, ತಾಯಿ ಕಡಿ ತಿರುವಿ ನಿಲ್ಲಿಸಿದ್ದೆ. ಎಮ್ಮಿ ಬಾಲದಿಂದ ತಲಿತನಕ ಮೂಸಿತು. ಮೂಸಿ, ಸುಮ್ಮನ ನಿಂತಿತು. ಆಮ್ಯಾಲೆ ನೆಕ್ಕಾಕ ಹತ್ತಿತು. ಹಾಲು ಇಳಿಸಿತು. ಮನಿ ಮಂದಿ ಎಲ್ಲಾ ನನ್ನ ಬೆನ್ನು ತಟ್ಟಿದ್ರು. ಸಂಜಿಗೆ ಒಂದು ಚೆಂಬು ಹಾಲು ಕಳಿಸಿದ್ರು, ನನಗ."

"ಎಮ್ಮಿಗೆ ತಿಳೀಲಿಲ್ಲೇನ್ರಿ, ಅದು ಹುಲ್ಲಂತ?"

"ತಿಳೀದ ಇರ್ತೈತೇನು? ಅದರ ಮೂಗು ನನ್ನ ಮೂಗಿಗಿಂತ ದೊಡ್ಡದು. ದಿನಾ ತಿನ್ನೋ ಹುಲ್ಲು, ಅದರ ವಾಸನಿ ತಿಳೀದೇನು? ತಿಳಿದೂ ಇಳಿಸಿತು."

"ಯಾಕ?"

"ಅದನ್ನ ನಾನೂ ಇನ್ನಾ ಕೇಳ್ಕೋತ ಅದೀನಿ" ಎಂದು ಎದ್ದು ಹೋಗಿ ಕ್ಯಾನು ತೊಳೆಯುವ ನಲ್ಲಿಯಲ್ಲಿ ಮುಖ ತೊಳೆದುಕೊಂಡರು.

ಆ ಚೆಂಬಿನ ಹಾಲನ್ನು ಅವರು ಕುಡಿಯಲಿಲ್ಲ. ಹಾಲಿನದು ಏನನ್ನೂ ನಾಲಿಗೆಗೆ ಹಚ್ಚುವುದಿಲ್ಲ ಎಂದು ಅಲ್ಲಾಹನ ಹೆಸರಿನಲ್ಲಿ ಆಣೆ ಹಾಕಿಕೊಂಡರು. ಮಾಂಸವೂ ಅವತ್ತೇ ನಿಂತಿತು. ಹಾಗೆಂದು ಅದನ್ನು ಯಾರಿಗೂ ಉಪದೇಶ ಮಾಡಿದವರಲ್ಲ. ಮಕ್ಕಳಿಗೆ ಭಾನುವಾರ ಮಟನ್ ತರುತ್ತಿದ್ದವರು ಅವರೇ. ಹಬ್ಬಕ್ಕೆ ಚಾಚಿ ಮನೆಯವರಿಗೆಲ್ಲ ಹಾಲಿನ ಸುರಕುಂಬಾ ಪಾಯಸ ಮಾಡಿ, ಗಂಡನಿಗೆ ಮಾತ್ರ ಬೇರೆ ಬೋಗುಣಿಯಲ್ಲಿ ತೆಂಗಿನಹಾಲು ಹಿಂಡಿ ಮಾಡುತ್ತಿದ್ದರು. ಡೇರಿಯ ಒಂದು ಸಮಾರಂಭದಲ್ಲಿ ದೊಡ್ಡ ಮನುಷ್ಯರೊಬ್ಬರು ವೇದಿಕೆಯ ಮೇಲೆ ಚಾಚಾನ ಭುಜ ಹಿಡಿದು, ನೋಡಿ, ಇವರು ಮುಸಲ್ಮಾನರಾಗಿಯೂ ಮಾಂಸ ಮುಟ್ಟುವುದಿಲ್ಲ ಎಂದು ಹೊಗಳಿದರು. ಚಾಚಾ ಮೈಕಿನ ಹತ್ತಿರ ಬಗ್ಗಿ, "ಸಾಹೇಬ್ರ, ನಾನು ಹಾಲೂ ಮುಟ್ಟಂಗಿಲ್ರಿ. ನೀವೂ ನಾಳಿಂದ ಮೊಸರು ಬಿಡ್ರಿ, ಆಮ್ಯಾಲೆ ಇಬ್ಬರೂ ಕೂಡಿ ಹೊಗಳಿಸ್ಕೊಳ್ಳೋಣ" ಎಂದರು. ದೊಡ್ಡ ಮನುಷ್ಯರು ಭುಜದ ಮೇಲಿನ ಕೈ ತೆಗೆದರು.

ಹಾಲಿನ ಮೇಲೆ ಅಷ್ಟು ಸಿಟ್ಟು ಇದ್ದವರು ಹಾಲಿನ ಕೆಲಸಕ್ಕೇ ಏಕೆ ಬಂದರು ಎಂದು ನಾನು ಕೇಳಿದ್ದೆ. ಗಾದಿ ಹೊಲಿಯಲು ಮತ್ತೆ ಕೈ ಬರಲಿಲ್ಲವಂತೆ. ಹೊಟ್ಟೆ ನಡೆಯಬೇಕಲ್ಲ. "ಹಾಲಿನ ಮ್ಯಾಲೆ ನನಗ ಸಿಟ್ಟಿಲ್ಲಪ್ಪ" ಎಂದಿದ್ದರು. "ಸಿಟ್ಟು ನನ್ನ ಕೈ ಮ್ಯಾಲೆ."

ಇಂಥ ಮನುಷ್ಯ ಹೊರಗೆ ಉಣ್ಣುವುದೆಂದರೆ ಒಂದು ಫಜೀತಿ. ಲಿಂಗಾಯತ ಖಾನಾವಳಿಯವರು ಇವರ ಟೋಪಿ ನೋಡಿ ಅನುಮಾನಪಟ್ಟರೆ, ಬಿರಿಯಾನಿ ಹೋಟೆಲಿನವರು ಇವರ ಆರ್ಡರು ಕೇಳಿ ಅನುಮಾನಪಡುತ್ತಿದ್ದರು. ಆದರೂ ಮೊದಲು ಹೇಗೋ ನಡೆಯುತ್ತಿತ್ತು. ಕೆಲಸದ ಮೇಲೆ ಬಳ್ಳಾರಿಗೆ ಹೋದಾಗ ಇಬ್ಬರೂ ಸತ್ಯನಾರಾಯಣಪೇಟೆಯ ಒಂದು ತಳ್ಳುಗಾಡಿಯ ಮುಂದೆ ನಿಲ್ಲುತ್ತಿದ್ದೆವು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಪುಟಾಣಿ ಪುಡಿ ಉದುರಿಸಿ, ಮೇಲೆರಡು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುವ ಒಗ್ಗಾಣಿ-ಮಿರ್ಚಿ. ಅದರಲ್ಲಿ ಹಾಲಿನ ಸುಳಿವಿಲ್ಲ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಸಿಗುತ್ತಿದ್ದವು. ಮೊಸರಿನ ಬಟ್ಟಲು ಒಂದನ್ನು ಆಚೆ ಸರಿಸಿದರೆ ಆಯಿತು.

ಆಮೇಲೆ ಅದಿರಿನ ಲಾರಿಗಳು ಬಂದವು. ಬಳ್ಳಾರಿಯಲ್ಲಿ ಯಾರ ಕೈಯಲ್ಲಿ ನೋಡಿದರೂ ಎರಡು ಫೋನು, ಯಾವ ಓಣಿಯಲ್ಲಿ ನೋಡಿದರೂ ಹೊಸ ಕಾರು, ಎಲ್ಲದರ ಮೇಲೂ ಒಂದೇ ಕೆಂಪು ಧೂಳು. ಹೋಟೆಲುಗಳ ಬಾಗಿಲಿಗೆ ಗಾಜು ಬಂತು. ಅಡುಗೆಗೆ ಬೆಣ್ಣೆ ಬಂತು. ಉಪ್ಪಿಟ್ಟಿನ ಮೇಲೆ ತುಪ್ಪ, ದೋಸೆಯ ಮೇಲೆ ಬೆಣ್ಣೆಮುದ್ದೆ, ಪಲ್ಯ ಎಂದು ಕೇಳಿದರೆ ಪನ್ನೀರು. ಒಂದೆರಡು ಖಾನಾವಳಿಯವರೂ ಗಿರಾಕಿ ಹೋದಾರೆಂದು ರೊಟ್ಟಿಗೆ ಬೆಣ್ಣೆ ಸವರತೊಡಗಿದರು. ಚಾಚಾ ಒಳಗೆ ಕಾಲಿಟ್ಟು, ಒಂದು ಸಲ ಉಸಿರೆಳೆದು, ಹಾಗೆಯೇ ಹೊರಗೆ ಬರುತ್ತಿದ್ದರು. "ಊರು ಬಡವ ಇದ್ದಾಗ ನನಗ ಎಲ್ಲಾ ಕಡಿ ಊಟ ಇತ್ತು. ಈಗ ಊರು ಸಾಹುಕಾರ ಆಗೈತಿ, ನನಗ ಉಪಾಸ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಹೊಸ ಹೋಟೆಲುಗಳಿಗೆ ಹಾಲು ಹೋಗುತ್ತಿದ್ದದ್ದು ನಮ್ಮ ಡೇರಿಯಿಂದಲೇ, ಚಾಚಾ ಮೂಸಿ ಕಳಿಸಿದ ಹಾಲೇ.

ಆ ಗಾಳಿ ನನಗೂ ಬಡಿಯಿತು. ನನ್ನ ಹೆಂಡತಿಯ ಅಣ್ಣ, ನನ್ನ ಭಾವ, ಅದಿರಿನ ಲಾರಿ ಇಟ್ಟು ದೊಡ್ಡವನಾಗಿದ್ದ. ಲಾರಿ ತೂಗುವ ಒಂದು ಕಚೇರಿಯಲ್ಲಿ ನನಗೆ ಕೆಲಸ ಕೊಡಿಸಿದ. ಚಾಚಾನಿಗೆ ಹೇಗೆ ಹೇಳುವುದೆಂದು ನಾನು ಹಿಂದೆಮುಂದೆ ನೋಡುತ್ತಿದ್ದರೆ, "ಹೋಗಲೇ, ಜೀವನಪೂರ್ತಿ ಕ್ಯಾನಿಗೆ ಚೀಟಿ ಹಚ್ಚತೀಯೇನು" ಎಂದು ಅವರೇ ನೂಕಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಅವರನ್ನೂ ಭಾವನನ್ನೂ ಹೊಸ ಹೋಟೆಲಿಗೆ ಊಟಕ್ಕೆ ಕರೆದೆ. ಚಾಚಾ ಬೇಡವೆಂದರು. ನಾನು ಬಿಡಲಿಲ್ಲ. "ನಿಮ್ಮ ಊಟದ ಸುದ್ದಿ ಒಂದಿನ ಮೊದಲ ಹೋಗಿ ಹೇಳಿಟ್ಟು ಬರ್ತೀನ್ರಿ" ಎಂದು ಮಾತು ಕೊಟ್ಟೆ. ಹೋಗಲಿಲ್ಲ. ಹೊಸ ಕೆಲಸದ ಸುದ್ದಿಯನ್ನು ಊರೆಲ್ಲ ಹೇಳುವುದರಲ್ಲಿ ಮರೆತೇಬಿಟ್ಟೆ.

ಮಧ್ಯಾಹ್ನ ಆ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಮೂವರೂ ಕೂತ ಮೇಲೆಯೇ ನನಗೆ ನೆನಪಾದದ್ದು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ಟೈ ಕಟ್ಟಿದ್ದ ಮೇಲ್ವಿಚಾರಕನನ್ನು ಮೆಲ್ಲಗೆ ಕೇಳಿದೆ.

"ಗ್ರೇವಿ ಎಲ್ಲಾ ಬೆಣ್ಣೆಯಲ್ಲೇ ಮಾಡಿಟ್ಟಿರ್ತೀವಿ ಸರ್" ಎಂದ ಅವನು. "ರೊಟ್ಟಿ ಹಿಟ್ಟಿಗೂ ಹಾಲು ಹಾಕಿರುತ್ತೆ. ಬೇಕಾದ್ರೆ ಸೌತೆಕಾಯಿ, ಗಜ್ಜರಿ ಹೆಚ್ಚಿ ಕೊಡಿಸ್ತೀನಿ."

ಭಾವ ಅಲ್ಲಿಂದಲೇ, "ಏನಲೇ, ಲಗೂನ ಹೇಳು. ಹೊಟ್ಟಿ ಹಸಿದೈತಿ" ಎಂದು ಕೂಗಿದ. ಹೊರಗೆ ರಸ್ತೆಯಾಚೆ ಒಗ್ಗಾಣಿ ಗಾಡಿ ನಿಂತಿತ್ತು. ಗಾಜಿನಲ್ಲಿ ನನಗೆ ಕಾಣುತ್ತಿತ್ತು. ಏಳ್ರಿ ಚಾಚಾ, ಇಲ್ಲಿ ನಿಮಗೇನೂ ಇಲ್ಲ, ನಾನು ಹೇಳುವುದನ್ನು ಮರೆತೆ ಎಂದರೆ ಮುಗಿಯುತ್ತಿತ್ತು. ಭಾವನ ಮುಂದೆ, ಇಸ್ತ್ರಿ ಮಾಡಿದ ಹೊಸ ಅಂಗಿಯಲ್ಲಿ, ಆ ಮಾತು ಬಾಯಿಗೆ ಬರಲಿಲ್ಲ. "ಅದನ್ನೇ ತನ್ನಿ. ಮೇಲಿನ ಕೆನೆ ಮಾತ್ರ ತೆಗೆಸಿಬಿಡಿ" ಎಂದೆ ಆ ಮೇಲ್ವಿಚಾರಕನಿಗೆ. ಬಂದು ಕೂತು, ಚಾಚಾನ ಕಡೆ ತಿರುಗಿ, "ಹೇಳೀನ್ರಿ. ನಿಮ್ಮದು ಬ್ಯಾರೆ ಎಣ್ಣ್ಯಾಗ ಮಾಡ್ಯಾರ" ಎಂದೆ.

ತಟ್ಟೆ ಬಂತು. "ಉಣ್ರಿ ಚಾಚಾ. ಹಾಲಿಂದು ಏನೂ ಇಲ್ಲ" ಎಂದೆ.

ಚಾಚಾ ಬಗ್ಗಿದರು. ರೊಟ್ಟಿ ಮುರಿಯಲು ಬಗ್ಗಿದರೋ ಮೂಸಲು ಬಗ್ಗಿದರೋ ನಾನು ನೋಡಲಿಲ್ಲ, ನೀರಿನ ಗ್ಲಾಸು ನೋಡುತ್ತಿದ್ದೆ. ಆಮೇಲೆ ಅವರು ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, "ನಿಮ್ಮ ಬಳ್ಳಾರಿ ಧೂಳಿಗೆ ನೆಗಡಿ ಆಗೈತಿ ಲೇ. ಮೂಗೆಲ್ಲ ಕಟ್ಟೈತಿ. ಯಾ ವಾಸನಿನೂ ತಿಳಿವಲ್ದು" ಎಂದರು. ಉಂಡರು. ತಟ್ಟೆಯಲ್ಲಿ ಏನೂ ಬಿಡಲಿಲ್ಲ. "ಚಲೋ ಐತಪ್ಪ" ಎಂದು ಭಾವನ ಮುಂದೆಯೇ ನನ್ನ ಬೆನ್ನು ತಟ್ಟಿದರು.

ಆ ನೆಗಡಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ತಿಳಿಯದೆ ತಿಂದದ್ದಕ್ಕೆ ಯಾವ ದೋಷವೂ ಇಲ್ಲ ಎಂದು ಸಮಾಧಾನ ಹೇಳಿಕೊಂಡೆ. ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ಮುಚ್ಚಳ ಮೂಸಿ ಎರಡು ಕ್ಯಾನು ತಿರುಗಿಸಿದಾಗ, ಒಂದೇ ದಿನಕ್ಕೆ ನೆಗಡಿ ಹೋಯಿತಲ್ಲ ಎಂದುಕೊಂಡೆನೇ ಹೊರತು ಅದರಾಚೆ ಯೋಚಿಸಲಿಲ್ಲ. ಯೋಚಿಸಲು ಇಷ್ಟವಿರಲಿಲ್ಲ ಎನ್ನುವುದೇ ಸರಿ. ಮೂರು ದಿನ ಅವರು ಡೇರಿಯಲ್ಲಿ ಚಹಾ ಮುಟ್ಟಲಿಲ್ಲ, ಬುತ್ತಿ ಬಿಚ್ಚಲಿಲ್ಲ. ಹೋಟೆಲಿನ ಊಟ ಹೊಟ್ಟೆ ಕೆಡಿಸಿತೇನೋ ಎಂದು ಹೆದರಿ ಕೇಳಿದರೆ, "ಹಸಿವಿಲ್ಲಪ್ಪ" ಎಂದರು. ನಾಲ್ಕನೆಯ ದಿನ ಕಪ್ಪು ಚಹಾ ಕುಡಿದರು. ಆ ವಾರವೇ ನಾನು ಕೆಲಸ ಬಿಟ್ಟೆ.

ಆಮೇಲೆ ಅವರನ್ನು ಏಳೆಂಟು ಸಲ ಕಂಡಿದ್ದೇನೆ. ಬಸ್ ನಿಲ್ದಾಣದಲ್ಲಿ, ಒಂದು ಮದುವೆಯಲ್ಲಿ, ಡೇರಿ ಮುಚ್ಚಿ ಅವರು ಸಿರುಗುಪ್ಪದಲ್ಲಿ ನೆಲೆಸಿದ ಮೇಲೆ ಅವರ ಮನೆಯಲ್ಲಿ. ಪ್ರತಿ ಸಲವೂ ಕುಶಲ ಎಲ್ಲ ಮುಗಿದ ಮೇಲೆ, "ಮತ್ತೇನಪ್ಪ, ಏನರ ಹೇಳೂದೈತೇನು?" ಎಂದು ಕೇಳುತ್ತಿದ್ದರು. ಹೇಳಿಬಿಡಬೇಕೆಂದು ಗಂಟಲಿನವರೆಗೆ ಬರುತ್ತಿತ್ತು. ಇಷ್ಟು ದಿನ ಗೊತ್ತಿಲ್ಲದೆ ನೆಮ್ಮದಿಯಾಗಿರುವ ಮನುಷ್ಯನ ನೆಮ್ಮದಿ ಏಕೆ ಕೆಡಿಸಬೇಕು ಎಂದು ನುಂಗಿಕೊಳ್ಳುತ್ತಿದ್ದೆ. ಮಗಳ ಶಾಲೆಯದೋ ಭಾವನ ಲಾರಿಯದೋ ಮಾತು ತೆಗೆಯುತ್ತಿದ್ದೆ. ಗಣಿ ನಿಂತು, ನನ್ನ ಕಚೇರಿಗೆ ಬೀಗ ಬಿದ್ದು, ಭಾವನ ಲಾರಿಗಳು ಬೈಲಿನಲ್ಲಿ ತುಕ್ಕು ಹಿಡಿದ ಮೇಲೂ ಆ ಅಂಗಿಯ ಮರ್ಯಾದೆ ನನ್ನನ್ನು ಬಿಟ್ಟಿರಲಿಲ್ಲ.

ಸುದ್ದಿ ಬಂದ ಮಾರನೆಯ ದಿನ ಸಿರುಗುಪ್ಪಕ್ಕೆ ಹೋದೆ. ಚಾಚಿ ಒಳಕೋಣೆಯ ಬಾಗಿಲ ಬಳಿ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಎದುರಿನ ಗೂಟಕ್ಕೆ ಚಾಚಾನ ಟೋಪಿ ಇತ್ತು. ಅವರ ಮುಂದೆ ಕೂತು, ಅಷ್ಟು ವರ್ಷ ಬಾಯಿಗೆ ಬಾರದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೋಟೆಲು, ಬೆಣ್ಣೆ, ಕೆನೆ ತೆಗೆಸಿದ್ದು, ಅವರಿಗೆ ನೆಗಡಿಯಾಗಿದ್ದು, ಎಲ್ಲ.

ಚಾಚಿ ಎಲ್ಲ ಕೇಳಿ, "ನೆಗಡಿ ಎಲ್ಲಿತ್ತಪ್ಪ ಅವರಿಗೆ" ಎಂದರು.

ಚಾಚಿ ಗೂಟದ ಮೇಲಿನ ಟೋಪಿಯ ಕಡೆ ನೋಡಿ ಮುಂದುವರಿಸಿದರು.

"ಅವತ್ತ ಸಂಜಿಗೆ ಮನಿಗೆ ಬಂದು, ನಾಳಿಂದ ಮೂರು ದಿನ ರೋಜಾ ಹಿಡೀತೀನಿ, ನಸುಕಿನ್ಯಾಗ ಸಹರಿ ಊಟಕ್ಕ ಎಬ್ಬಸು ಅಂದ್ರು. ರಂಜಾನ್ ಅಲ್ಲ ಏನಲ್ಲ, ಯಾಕ್ರಿ ಅಂದೆ. ಆಣಿ ಮುರದೈತಿ, ತೀರಸಬೇಕು ಅಂದ್ರು. ತಟ್ಟಿ ಇಟ್ಟ ಕೂಡಲೇ ವಾಸನಿ ತಿಳೀತಂತ. ಹಂಗಾರ ಯಾಕ ಉಂಡ್ರಿ ಅಂತ ನಾನು ಜಗಳ ತಗದೆ." ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹುಡುಗ ಹೊಸಾ ಅಂಗಿ ಹಾಕ್ಕೊಂಡು ಭಾವನ ಮುಂದ ಕುಂತಿದ್ದ, ನಾನು ತಟ್ಟಿ ಸರಿಸಿದ್ರ ಅವನ ಮಾರಿ ಸಣ್ಣದಾಗತಿತ್ತು ಅಂದ್ರು. ಆಮ್ಯಾಲೆ, ಎಮ್ಮಿ ಯಾಕ ಹಾಲು ಇಳಿಸಿತು ಅಂತ ಇವತ್ತ ತಿಳೀತು ಅಂದ್ರು."

ನನಗೆ ಅಳು ಬಂತು. ಅತ್ತೆ. ಸತ್ತವರ ಮನೆಯಲ್ಲಿ ಸಮಾಧಾನ ಹೇಳಲು ಹೋದವನು ನಾನು. ಚಾಚಿಯೇ ನನ್ನ ತಲೆ ಮೇಲೆ ಕೈ ಇಟ್ಟರು.

"ನಿನ್ನ ಮ್ಯಾಲೆ ಸಿಟ್ಟಿದ್ದಿಲ್ಲಪ್ಪ ಅವರಿಗೆ. ಕೆಟ್ಟಾವಲ್ಲ ಅಂವ, ಒಂದಿನ ತಾನ ಬಂದು ಹೇಳ್ತಾನ ಅಂತಿದ್ರು. ಅದಕ್ಕ ನೀ ಬಂದಾಗೆಲ್ಲ ಕೇಳ್ತಿದ್ರಲ್ಲ. ಮೊನ್ನಿ ಹಾಸಿಗಿ ಹಿಡದಾಗೂ ಅಂದ್ರು. ನಾನು ಇಲ್ಲದಾಗ ಬಂದು ಹೇಳಿದ್ರ ಏನೂ ಅನಬ್ಯಾಡ, ಉಣಾಕ ಹಾಕು ಅಂದ್ರು."

ಚಾಚಿ ಗೋಡೆ ಹಿಡಿದು ಎದ್ದರು. ಮಗಳು ತಾನು ತರುತ್ತೇನೆಂದರೂ ಕೇಳದೆ ತಾವೇ ಒಳಗೆ ಹೋಗಿ ತಟ್ಟೆ ತಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ. ನನ್ನ ಮುಂದೆ ಇಟ್ಟು, ಅಷ್ಟು ವರ್ಷ ದಿನಕ್ಕೆರಡು ಹೊತ್ತು ಗಂಡನಿಗೆ ಹೇಳಿ ರೂಢಿಯಾಗಿದ್ದ ಮಾತನ್ನೇ ನನಗೂ ಹೇಳಿದರು.

"ಉಣ್ಣಪ್ಪ. ಹಾಲಿಂದು ಏನೂ ಇಲ್ಲ."

ನಾನು ರೊಟ್ಟಿ ಮುರಿದೆ. ಆ ಒಂದು ರೊಟ್ಟಿ ಉಣ್ಣಲು ಬಹಳ ಹೊತ್ತು ಹಿಡಿಯಿತು. ಉಂಡು ಮುಗಿಯುವವರೆಗೂ ಚಾಚಿ ಎದುರಿಗೇ ಕೂತಿದ್ದರು.